ತೆಳು ಅಲ್ಯೂಮಿನಿಯಂ ಶೀಟನ್ನು ಸೆಕ್ಷನ್‌ಗೆ ಬೆಸೆಯಲು ನಾನು ಆರಿಸಿಕೊಂಡ ವಿಧಾನ

ಪೀಣ್ಯದ ನಮ್ಮ ವರ್ಕ್‌ಶಾಪ್‌ಗೆ ಪ್ರಯೋಗಾಲಯದ ಉಪಕರಣಗಳನ್ನು ಇಡುವ 40 ಪೆಟ್ಟಿಗೆಗಳ ಆರ್ಡರ್ ಬಂದಿತ್ತು. ಚೌಕಟ್ಟು 6063-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ 25 ಮಿ.ಮೀ. ಚೌಕ ಸೆಕ್ಷನ್ (ಟೊಳ್ಳು ಕೊಳವೆ), ಗೋಡೆಯ ದಪ್ಪ 3 ಮಿ.ಮೀ.; ಅದರ ಮೇಲೆ ಹೊದಿಸಬೇಕಾದದ್ದು 5052 ಎಂಬ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹದ 1.2 ಮಿ.ಮೀ. ಶೀಟ್. ಜೋಡಣೆ ವೆಲ್ಡಿಂಗ್‌ನಿಂದಲೇ ಆಗಬೇಕು ಎಂದು ನಕ್ಷೆಯಲ್ಲಿತ್ತು, ಯಾವ ವೆಲ್ಡಿಂಗ್ ಎಂಬುದನ್ನು ನಮಗೆ ಬಿಟ್ಟಿದ್ದರು.

ಬೇಗ ಮುಗಿಯುತ್ತದೆಂಬ ಆಸೆಯಿಂದ ಮೊದಲು, ತಂತಿ ತಾನಾಗಿ ಹೊರಬಂದು ಕರಗುವ ಮಿಗ್ ವೆಲ್ಡಿಂಗ್‌ನಲ್ಲಿ ಪ್ರಯತ್ನಿಸಿದೆ. ಮಿಗ್‌ನಲ್ಲಿ ತಂತಿಯೂ ಶಾಖವೂ ಒಂದೇ ಟ್ರಿಗರ್‌ಗೆ ಕಟ್ಟುಬಿದ್ದಿರುತ್ತವೆ. ಕರೆಂಟ್ ಇಳಿಸಿದರೆ ತಂತಿಯ ಲೋಹ ಸೆಕ್ಷನ್‌ನೊಳಗೆ ಇಳಿಯದೆ ಮೇಲೆಯೇ ಕೂರುತ್ತಿತ್ತು, ಏರಿಸಿದರೆ ಶೀಟಿನ ಅಂಚು ಕರಗಿ ಹಿಂದಕ್ಕೆ ಸರಿದು ತೂತು ಬೀಳುತ್ತಿತ್ತು. ಅಲ್ಯೂಮಿನಿಯಂ ಶಾಖವನ್ನು ಬಹು ಬೇಗ ಹರಡುವ ಲೋಹವಾದ್ದರಿಂದ, ದಪ್ಪ ಸೆಕ್ಷನ್ ಶಾಖವನ್ನು ನುಂಗುತ್ತಲೇ ಇರುತ್ತದೆ. ತೆಳು ಶೀಟಿಗೆ ಆ ಶಾಖವನ್ನು ಸಾಗಿಸಲು ಜಾಗವೇ ಇರುವುದಿಲ್ಲ.

ಕೈಯಲ್ಲಿ ಹಿಡಿಯುವ ಲೇಸರ್ ಯಂತ್ರವಿದ್ದ ಹತ್ತಿರದ ಶಾಪ್ ಒಂದರಲ್ಲಿ ಎರಡು ಮಾದರಿ ಮಾಡಿಸಿದೆ. ಬೆಸುಗೆ ಸಣ್ಣದಾಗಿ, ಅಂದವಾಗಿ ಬಂತು, ಶೀಟ್ ಹೆಚ್ಚು ಡೊಂಕಾಗಲಿಲ್ಲ. ಆದರೆ ನಮ್ಮ ಶೀಟ್ ಸೆಕ್ಷನ್ ಮೇಲೆ ಕೆಲವೆಡೆ ಅರ್ಧ ಮಿ.ಮೀ. ಎದ್ದು ನಿಲ್ಲುತ್ತಿತ್ತು, ಅಂಥ ಸಂದಿನಲ್ಲಿ ಲೇಸರ್ ಬೆಸುಗೆ ಕೂಡಲಿಲ್ಲ. ಎಲ್ಲ ಶೀಟನ್ನೂ ಅಷ್ಟು ಕರಾರುವಾಕ್ಕಾಗಿ ಕೂರಿಸುವ ಫಿಕ್ಸ್ಚರ್ ಮಾಡಿಸಲು 40 ಪೆಟ್ಟಿಗೆಗಳ ಕೆಲಸದಲ್ಲಿ ಹಣ ಹುಟ್ಟುವುದಿಲ್ಲ. 1991ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ, ತಿರುಗುವ ಟೂಲನ್ನು ಒತ್ತಿ ಲೋಹವನ್ನು ಕರಗಿಸದೆ ಕಲೆಸಿ ಬೆಸೆಯುವ ಫ್ರಿಕ್ಷನ್ ಸ್ಟರ್ ವಿಧಾನವನ್ನು ನಾನು ಪರಿಗಣಿಸಲೇ ಇಲ್ಲ. ಅದರ ಟೂಲಿನ ಒತ್ತಡವನ್ನು ಒಳಗಿನಿಂದ ಆಧಾರವಿಲ್ಲದ ಟೊಳ್ಳು ಸೆಕ್ಷನ್ ತಡೆಯಲಾರದು.

ಕೊನೆಗೆ ನಿಂತದ್ದು ಎಸಿ (ಪರ್ಯಾಯ ವಿದ್ಯುತ್) ಟಿಗ್‌ಗೆ, ಅಂದರೆ ನಮ್ಮ ಕಡೆ ಎಲ್ಲರೂ ಆರ್ಗಾನ್ ವೆಲ್ಡಿಂಗ್ ಎನ್ನುವುದಕ್ಕೆ. ಲೋಹ 660 ಡಿಗ್ರಿಯ ಆಸುಪಾಸಿನಲ್ಲಿ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಎಸಿಯ ಒಂದು ಅರ್ಧಾವರ್ತ ಆ ಪೊರೆಯನ್ನು ಒಡೆದು ಚೆಲ್ಲುತ್ತದೆ. ಅದಕ್ಕಿಂತ ನನಗೆ ಮುಖ್ಯವಾದದ್ದು, ಟಿಗ್‌ನಲ್ಲಿ ಶಾಖ ಕಾಲಿನ ಪೆಡಲ್‌ನಲ್ಲಿಯೂ ಫಿಲ್ಲರ್ ರಾಡ್ (ಬೆಸುಗೆಗೆ ತುಂಬುವ ಲೋಹದ ಕಡ್ಡಿ) ಎಡಗೈಯಲ್ಲಿಯೂ ಬೇರೆ ಬೇರೆಯಾಗಿರುತ್ತವೆ ಎಂಬುದು. ಆರ್ಕನ್ನು ಶೀಟಿನ ಅಂಚಿಗೆ ತೋರಿಸದೆ ಸೆಕ್ಷನ್ ಮೇಲೆಯೇ ಹಿಡಿಯುತ್ತಿದ್ದೆ; ಅಲ್ಲಿ ಕನ್ನಡಿಯಂತೆ ಹೊಳೆಯುವ ಸಣ್ಣ ಮಡು ಮೂಡಿದ ಮೇಲೆ 1.6 ಮಿ.ಮೀ. ರಾಡನ್ನು ಅದರ ಶೀಟಿನ ಬದಿಗೆ ಅದ್ದಿದರೆ, ಕರಗಿದ ಲೋಹ ತಾನಾಗಿ ಅಂಚಿನವರೆಗೆ ಹರಿದು ಹಿಡಿದುಕೊಳ್ಳುತ್ತಿತ್ತು. ಅಂಚಿನಿಂದ ಐದಾರು ಮಿ.ಮೀ. ಒಳಗೆ ಶೀಟಿನ ಮೇಲೆ ದಪ್ಪ ತಾಮ್ರದ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿದ್ದೆ, ಶೀಟಿಗೆ ಹರಿದ ಹೆಚ್ಚಿನ ಶಾಖವನ್ನು ಅದು ಎಳೆದುಕೊಳ್ಳುತ್ತಿತ್ತು.

ಮೊದಲ ಪ್ಯಾನೆಲ್‌ಗೆ ಸುತ್ತಲೂ ಉದ್ದಕ್ಕೆ ಬೆಸುಗೆ ಹಾಕಿ ತಪ್ಪು ಮಾಡಿದೆ. ಆರಿದ ಮೇಲೆ ಶೀಟ್ ನಡುವೆ ಹೊಟ್ಟೆ ಉಬ್ಬಿ, ಬೆರಳಿನಿಂದ ಒತ್ತಿದರೆ ಟಪ್ಪೆಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಆಮೇಲೆ 20 ಮಿ.ಮೀ. ಬೆಸುಗೆ, 80 ಮಿ.ಮೀ. ಬಿಡುವು ಎಂದು ಅಳತೆ ಹಾಕಿಕೊಂಡು, ಒಂದು ಬದಿಯಲ್ಲಿ ಒಂದು ಹಾಕಿದರೆ ಮುಂದಿನದನ್ನು ಎದುರು ಬದಿಯಲ್ಲಿ ಹಾಕುತ್ತಾ ಹೋದೆ. ಬೆಸುಗೆಯ ಪಕ್ಕದಲ್ಲಿ 6063-ಟಿ6 ತನ್ನ ಬಲದ ಸುಮಾರು ಶೇ. 40ರಷ್ಟನ್ನು ಕಳೆದುಕೊಳ್ಳುತ್ತದೆಯಾದ್ದರಿಂದ, ಹಿಡಿಕೆಗಳು ಕೂರುವ ಜಾಗದ ಹತ್ತಿರ ಒಂದು ಬೆಸುಗೆಯನ್ನೂ ಇಡಲಿಲ್ಲ.

ರಾಡ್ ವಿಷಯದಲ್ಲಿ, ಸಿಲಿಕಾನ್ ಬೆರೆತ 4043 ಎಂಬ ರಾಡ್ ಸುಲಭವಾಗಿ ಹರಿಯುತ್ತದೆಂದು ಕೈ ಅದರ ಕಡೆಗೇ ಹೋಗುತ್ತದೆ. ಆದರೆ ಅದರ ಸಿಲಿಕಾನ್ 5052ರ ಮೆಗ್ನೀಷಿಯಂ ಜೊತೆ ಸೇರಿ ಬೆಸುಗೆಯನ್ನು ಪೆಡಸಾಗಿಸಬಲ್ಲದು, ಹಾಗಾಗಿ 5356 ಎಂಬ ಇನ್ನೊಂದು ರಾಡ್ ಬಳಸಿದೆ. ದೀರ್ಘಕಾಲ 65 ಡಿಗ್ರಿ ಮೀರಿದ ಬಿಸಿಯಲ್ಲಿರುವ ಭಾಗಗಳಿಗೆ 5356 ಸಲ್ಲದು. ಇವು ಕೋಣೆಯೊಳಗಿನ ಪೆಟ್ಟಿಗೆಗಳಾದ್ದರಿಂದ ಆ ಚಿಂತೆ ಇರಲಿಲ್ಲ.

ಮಳೆಗಾಲವಾದ್ದರಿಂದ ಶುಚಿಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕಾಯಿತು. ತೇವದಿಂದ ಬರುವ ಹೈಡ್ರೋಜನ್ ಬೆಸುಗೆಯೊಳಗೆ ಸೂಜಿಮೊನೆಯಂಥ ರಂಧ್ರಗಳನ್ನು ಬಿಡುತ್ತದೆ. ಮೊದಲು ಅಸಿಟೋನ್‌ನಿಂದ ಎಣ್ಣೆ ಒರೆಸಿ, ಅದು ಪೂರ್ತಿ ಆರಿದ ಮೇಲೆ ಅಲ್ಯೂಮಿನಿಯಂಗೆಂದೇ ಎತ್ತಿಟ್ಟ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ, ಅಂದೇ ಬೆಸೆಯುತ್ತಿದ್ದೆವು. ಮೊದಲೇ ಬ್ರಷ್ ಹಾಕಿದರೆ ಎಣ್ಣೆ ಲೋಹದೊಳಕ್ಕೆ ತಿಕ್ಕಿಕೊಳ್ಳುತ್ತದೆ.

ಬೆಸುಗೆಗಳ ನಡುವೆ ಉಳಿದ ಸಂದುಗಳಿಗೆ ಸೀಲಂಟ್ ಹಾಕುವುದನ್ನು ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಓವನ್‌ನಲ್ಲಿ ಬೇಯಿಸುವುದು) ಮುಗಿದ ಮೇಲಕ್ಕೆ ಇಟ್ಟುಕೊಂಡೆವು. ಮೊದಲೇ ಹಾಕಿದ್ದರೆ ಅದು ಸುಮಾರು 200 ಡಿಗ್ರಿಯ ಓವನ್‌ನಲ್ಲಿ ಕೆಡುವ ಭಯವಿತ್ತು, ಸಿಲಿಕೋನ್ ತಾಗಿದ ಕಡೆ ಬಣ್ಣವೂ ಹಿಡಿಯುವುದಿಲ್ಲ.