ಹಳ್ಳಿಯಲ್ಲಿ ಸಂಸ್ಥೆ ಕಟ್ಟುತ್ತೀರಾ? ಲೆಕ್ಕ ಊರ ಮುಂದಿಡಿ

ಶಹಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಾವು ಗುಳೆ ಹೋಗುವವರ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ. ಅಪ್ಪ-ಅವ್ವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರೂ ಮಕ್ಕಳು ಅಜ್ಜಿ ಹತ್ತಿರ ಉಳಿದು ಶಾಲೆಗೆ ಹೋಗಲಿ ಅನ್ನೋದು ಆಸೆ. "ಅಕ್ಕಾ, ನಾವೂ ಸಂಸ್ಥೆ ಶುರು ಮಾಡ್ತೀವಿ" ಅಂತ ಬರುವ ಹುಡುಗ-ಹುಡುಗಿಯರಿಗೆ ನಾನು ಹೇಳುವುದು ಇದು.

ಮೊದಲೇ ನೋಂದಣಿಗೆ ಓಡಬೇಡಿ. ಒಂದೇ ಊರಲ್ಲಿ ಒಂದು ವರ್ಷ ಕೆಲಸ ಮಾಡಿ. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿರುತ್ತಾರೆ. ತೊಗರಿ ರಾಶಿ ಮುಗಿದರೆ ಮನೆಮಂದಿಯೆಲ್ಲ ಬಸ್ ಹತ್ತುತ್ತಾರೆ. ಇದನ್ನು ಕಣ್ಣಾರೆ ನೋಡದೆ ಮಾಡಿದ ಯೋಜನೆ ನಿಲ್ಲೋದಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಸ್ಥೆ ನೋಂದಾಯಿಸಲು ಕನಿಷ್ಠ 7 ಸದಸ್ಯರು ಬೇಕು. ಅಣ್ಣ, ಅತ್ತಿಗೆ, ಮಾವ ಅಂತ ಮನೆಯವರನ್ನೇ ತುಂಬಿಸಿದರೆ ಪ್ರಶ್ನೆ ಕೇಳೋರು ಯಾರು? ನಮ್ಮಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ತಾನೇ ಗುಳೆ ಹೋಗಿ ಬಂದ ತಾಂಡಾದ ತಾಯಿಯೊಬ್ಬರೂ ಇದ್ದಾರೆ. ಪಾಠದ ಹೊತ್ತು ಗೊತ್ತು ಮಾಡುವಾಗ ಆಕೆ ಕೇಳಿದರು: "ಆರಕ್ಕ ಶುರು ಮಾಡಿದ್ರ ನಮ್ ಹುಡುಗಿ ನೀರು ತರೋದು ಯಾವಾಗ್ರಿ?" ಪಾಠ ಏಳಕ್ಕೆ ಅಂತಾಯಿತು. ಇಂಥ ಒಬ್ಬರು ಸಮಿತಿಯಲ್ಲಿ ಇರಲೇಬೇಕು.

ಇನ್ನು ಲೆಕ್ಕ. ಸಂಸ್ಥೆ ಉಳಿಯೋದೂ ಮುಳುಗೋದೂ ಇಲ್ಲೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ನಿಮ್ಮ ಸ್ವಂತ ಖಾತೆಗೆ ಒಂದು ರೂಪಾಯಿ ದೇಣಿಗೆಯೂ ಬೀಳಬಾರದು. ಸಂಸ್ಥೆಯ ಹೆಸರಲ್ಲಿ ಖಾತೆ ತೆರೆಯಿರಿ, ಇಬ್ಬರ ಸಹಿ ಇಡಿ. ಸಂತೆಯಲ್ಲಿ ಚಾಪೆ ಕೊಂಡರೆ ಬಿಲ್ ಸಿಗೋದಿಲ್ಲ, ಅಲ್ವಾ? ಅದಕ್ಕೆ ವೋಚರ್ ಪುಸ್ತಕ ಚೀಲದಲ್ಲೇ ಇರಲಿ. ತಾರೀಖು, ಏನು ಕೊಂಡಿರಿ, ಎಷ್ಟು, ಯಾರಿಗೆ ಕೊಟ್ಟಿರಿ ಅಂತ ಅಲ್ಲೇ ಬರೆದು ಮಾರಿದವರ ಸಹಿ ಇಲ್ಲವೇ ಹೆಬ್ಬೆಟ್ಟು ತಗೊಳ್ಳಿ. 5,000 ರೂಪಾಯಿ ದಾಟಿದ ನಗದು ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು.

ತಿಂಗಳ ಕೊನೆಗೆ ನಾವು ಗುಡಿ ಕಟ್ಟೆ ಮೇಲೆ ಕೂತು ಜಮಾ-ಖರ್ಚು ಓದುತ್ತೇವೆ. ಸೀಮೆಸುಣ್ಣ, ಬಲ್ಬು, ಟೀಚರಕ್ಕನ ಗೌರವಧನ, ಎಲ್ಲವನ್ನೂ. "ಬಲ್ಬು ಇಷ್ಟು ಬೇಗ ಹೋಯ್ತಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ಹಾಗೆ ಕೇಳುವ ಊರೇ ನಾಳೆ ಪಾಠಕ್ಕೆ ಕೋಣೆ ಬಿಟ್ಟುಕೊಡುತ್ತದೆ.

ವಾರ್ಷಿಕ ಸಭೆ ತಪ್ಪಿಸಬೇಡಿ. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಎರಡೂ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ದಾನಿಗಳಿಗೆ ಕೊಟ್ಟ ದೇಣಿಗೆ ಮೇಲೆ ಆದಾಯ ತೆರಿಗೆ ವಿನಾಯಿತಿ (80ಜಿ ಅಂತಾರೆ) ಸಿಗಬೇಕಾದರೆ ಅದರ ನೋಂದಣಿ ಬೇರೆ ಮಾಡಿಸಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ. ವಿದೇಶಿ ಹಣದ ಮಾತು ಈಗಲೇ ಬೇಡ. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಕೆಲಸ, 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು.

ಕಂಪನಿಯವರು ಸಿಎಸ್‌ಆರ್ ಹಣದಲ್ಲಿ, ಅಂದರೆ ಸಮಾಜದ ಕೆಲಸಕ್ಕೆ ಅಂತ ತೆಗೆದಿಟ್ಟ ಹಣದಲ್ಲಿ, ಶಾಲಾ ಬ್ಯಾಗ್ ಹಂಚುತ್ತೇವೆ ಅಂತ ಬಂದರೆ ಗೌರವದಿಂದಲೇ ಮಾತಾಡಿ, ಆದರೆ ನಿಮಗೆ ಬೇಕಾದ್ದನ್ನೇ ಕೇಳಿ. ಟೀಚರಕ್ಕನ ಒಂದು ವರ್ಷದ ಗೌರವಧನ ಎಷ್ಟಾಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಅವರು ಬಂದ ದಿನವೇ ಆ ಹಾಳೆ ಕೈಗೆ ಕೊಡಿ.