ಮಲಗುವ ಹೊತ್ತಿನ ಬಾಟಲಿ: ಡೇಕೇರ್‌ನಲ್ಲಿ ಹಾಲುಹಲ್ಲು ಕಾಯುವ ಕೆಲಸ

ನಮ್ಮ ಡೇಕೇರ್‌ಗೆ ಬರುವುದು ಒಂದರಿಂದ ಐದು ವರ್ಷದೊಳಗಿನ ಮಕ್ಕಳು. ಬೆಳಿಗ್ಗೆ ಬಂದರೆ ಸಂಜೆಯವರೆಗೂ ಇಲ್ಲೇ. ಮಗು ತಿನ್ನುವ, ಕುಡಿಯುವ ಹೊತ್ತಿನ ಹೆಚ್ಚಿನ ಪಾಲು ನಮ್ಮ ಕಣ್ಣೆದುರೇ ಕಳೆಯುವಾಗ, ಹಲ್ಲಿನ ಚಿಂತೆ ಮನೆಯವರದ್ದು ಅಂತ ಕೈತೊಳೆದುಕೊಳ್ಳಲು ಬರುವುದಿಲ್ಲ.

ಹಲ್ಲಿನ ಆರೈಕೆ ಅಂದರೆ ಎಲ್ಲರೂ ಬ್ರಷ್ ಹಿಡಿಯುತ್ತಾರೆ. ನಾನು ಮೊದಲು ಹಿಡಿದದ್ದು ಮಧ್ಯಾಹ್ನ ಮಲಗುವಾಗಿನ ಹಾಲಿನ ಬಾಟಲಿಯನ್ನು. ನಿದ್ದೆಯಲ್ಲಿ ಜೊಲ್ಲು ಊರುವುದು ತೀರ ಕಡಿಮೆ. ಬಾಟಲಿ ಕಚ್ಚಿಕೊಂಡೇ ಮಗು ನಿದ್ದೆಹೋದರೆ ಮೇಲಿನ ಬಾಚಿಹಲ್ಲುಗಳ ಸುತ್ತ ಹಾಲು ನಿಂತುಬಿಡುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯಿಂದ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮೆಲ್ ಕರಗಿಸುತ್ತದೆ. ಕೆಳಗಿನ ಬಾಚಿಹಲ್ಲುಗಳಿಗೆ ನಾಲಿಗೆ ಅಡ್ಡವಿರುವುದರಿಂದ ಅವು ಸಾಮಾನ್ಯವಾಗಿ ಬಚಾವ್.

ಬಾಟಲಿಯನ್ನು ಒಂದೇ ದಿನ ಕಿತ್ತುಕೊಂಡರೆ ರಾದ್ಧಾಂತವೇ ಆಗುತ್ತದೆ. ಒಬ್ಬರು ಅತ್ತರೆ ಮಲಗಿದವರೆಲ್ಲ ಎದ್ದು ಕೂರುತ್ತಾರೆ. ಹಾಗಾಗಿ ಹಾಲನ್ನು ಮಲಗುವುದಕ್ಕೆ ಅರ್ಧ ಗಂಟೆ ಮೊದಲಿಗೆ ತಂದೆ. ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸುವುದು, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸುವುದು, ಆಮೇಲೆ ಹಾಸಿಗೆ. ಬಾಟಲಿ ಇಲ್ಲದೆ ಕಣ್ಣು ಮುಚ್ಚದವರಿಗೆ ಹಾಲಿಗೆ ದಿನದಿನಕ್ಕೂ ಸ್ವಲ್ಪ ಹೆಚ್ಚು ನೀರು ಬೆರೆಸುತ್ತಾ ಹೋದೆ, ಕೊನೆಗೆ ಬರೀ ನೀರೇ ಉಳಿಯಿತು. (ವರ್ಷ ತುಂಬದ ಕೂಸಿನ ಹಾಲಿಗೆ ಮಾತ್ರ ಹೀಗೆ ನೀರು ಬೆರೆಸಬಾರದು.) ಹೆಚ್ಚಿನವರು ಬೇಗ ಒಗ್ಗಿಕೊಂಡರು. ಒಬ್ಬ ಪುಟ್ಟಿ ಮಾತ್ರ ನೀರು ಬಾಯಿಗೆ ಬಿದ್ದ ಕ್ಷಣವೇ ಬಾಟಲಿ ಎಸೆದು, ನನ್ನನ್ನು ದುರುಗುಟ್ಟಿ ನೋಡಿ, ಬೆರಳು ಚೀಪುತ್ತಾ ಮಲಗುತ್ತಿದ್ದಳು. ಇರಲಿ, ಬೆರಳಿನ ಕಥೆ ಆಮೇಲೆ ನೋಡಿಕೊಳ್ಳೋಣ ಅಂದುಕೊಂಡೆ.

ಮುಂದಿನದು ಸಿಪ್ಪರ್. ಎಷ್ಟು ಸಕ್ಕರೆ ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಹಲ್ಲಿಗೆ ದೊಡ್ಡ ಮಾತು. ಸಿಹಿ ಬಾಯಿಗೆ ಬಿದ್ದ ಪ್ರತಿ ಸಲವೂ ಆಮ್ಲದ ದಾಳಿ ಶುರುವಾಗುತ್ತದೆ, ಜೊಲ್ಲು ಅದನ್ನು ತಣಿಸಲು ಸುಮಾರು ಅರ್ಧ ಗಂಟೆ ಬೇಕು. ಜ್ಯೂಸ್ ತುಂಬಿದ ಸಿಪ್ಪರ್ ಹಿಡಿದು ಬೆಳಿಗ್ಗೆಯಿಡೀ ಗುಟುಕರಿಸುವ ಮಗುವಿನ ಹಲ್ಲಿಗೆ ಆ ಬಿಡುವೇ ಸಿಗುವುದಿಲ್ಲ. ಈಗ ನಮ್ಮಲ್ಲಿ ಸಿಪ್ಪರ್ ಅಂದರೆ ನೀರು. ಊಟ, ತಿಂಡಿಗೆ ಹೊತ್ತು ಗೊತ್ತು. ಹುಟ್ಟುಹಬ್ಬಕ್ಕೆ ಸಿಹಿ ತಂದರೆ ಬೇಡ ಅನ್ನುವುದಿಲ್ಲ, ಊಟದ ಜೊತೆಗೇ ಕೊಟ್ಟು ಮುಗಿಸುತ್ತೇವೆ.

ಬ್ರಷ್ ಮಾಡಿಸುವುದು ದಿನಕ್ಕೆ ಒಮ್ಮೆ, ಮಧ್ಯಾಹ್ನದ ಊಟವಾದ ಮೇಲೆ. ಸಿಂಕ್ ಮುಂದೆ ಸಾಲು ನಿಲ್ಲಿಸಿದರೆ ಅಲ್ಲಿ ನೀರಾಟ ನಡೆಯುತ್ತದೆ, ಬ್ರಷ್ ನಡೆಯುವುದಿಲ್ಲ. ಆದ್ದರಿಂದ ಊಟದ ಮೇಜಿನಲ್ಲೇ ಕೂರಿಸುತ್ತೇವೆ. ಪ್ರತಿಯೊಬ್ಬರ ಮುಂದೆ ಒಂದು ಪೇಪರ್ ಕಪ್, ಅದರ ಅಂಚಿಗೆ ಒಂದು ಚುಕ್ಕೆ ಪೇಸ್ಟ್. ಮಗು ಅದನ್ನು ತನ್ನ ಬ್ರಷ್ಷಿನಿಂದಲೇ ಬಳಿದುಕೊಳ್ಳುತ್ತದೆ. ಹೀಗೆ ಮಾಡಿದರೆ ಟ್ಯೂಬಿನ ಮೂತಿ ಯಾರ ಬ್ರಷ್ಷಿಗೂ ತಾಗುವುದಿಲ್ಲ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರ ಮೇಲಿನವರಿಗೆ ಬಟಾಣಿಯಷ್ಟು. ಪುಟ್ಟವರಿಗೆ ಉಗುಳಲು ಬರುವುದಿಲ್ಲ, ನುಂಗಿಯೇ ನುಂಗುತ್ತಾರೆ, ಆ ಅಳತೆ ಅದಕ್ಕೇ. ಹುಳುಕು ತಡೆಯುವ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಇದೆಯಾ ಅಂತ ಟ್ಯೂಬಿನ ಮೇಲೆ ನೋಡಿಕೊಳ್ಳುತ್ತೇನೆ. ಉಜ್ಜಿದ ಮೇಲೆ ಅದೇ ಕಪ್ಪಿಗೆ ಉಗುಳಿ, ಕಪ್ ಕಸದಬುಟ್ಟಿಗೆ. ಬಾಯಿ ಮುಕ್ಕಳಿಸುವುದಿಲ್ಲ, ಫ್ಲೋರೈಡ್ ಅಷ್ಟು ಹೊತ್ತು ಹಲ್ಲಿಗೆ ಅಂಟಿರಲಿ. ಮಕ್ಕಳು ತಾವೇ ಉಜ್ಜಿಕೊಂಡದ್ದು ಹೆಚ್ಚಿನ ಸಲ ಬರೀ ಬ್ರಷ್ ಕಚ್ಚಾಟ, ಹಾಗಾಗಿ ಕೊನೆಯ ಸುತ್ತು ದೊಡ್ಡವರದ್ದು.

ಬ್ರಷ್‌ಗಳಿಗೆ ಹೆಸರು ಬರೆದು, ಒಂದಕ್ಕೊಂದು ತಾಗದಂತೆ, ಕೂದಲು ಮೇಲಾಗಿ ನಿಲ್ಲಿಸಿ ಗಾಳಿಗೆ ಒಣಗಿಸುತ್ತೇವೆ. ಮುಚ್ಚಳ ಹಾಕಿದರೆ ತೇವ ಉಳಿದು ಸೂಕ್ಷ್ಮಜೀವಿ ಬೆಳೆಯುತ್ತವೆ. ಒಬ್ಬರದ್ದು ಇನ್ನೊಬ್ಬರ ಬಾಯಿಗೆ ಹೋಯಿತೋ, ಎರಡೂ ಕಸಕ್ಕೆ. ತೊಳೆದು ಇಟ್ಟುಕೊಳ್ಳುವ ಜಿಪುಣತನ ಬೇಡ. ಬಾಯಿಗೆ ಹಾಕಿಕೊಂಡ ಆಟಿಕೆಗೂ ಬೇರೆ ಬುಟ್ಟಿಯಿದೆ, ತೊಳೆದ ಮೇಲೇ ಅದು ಇನ್ನೊಂದು ಮಗುವಿನ ಕೈಗೆ.

ಅಂದಹಾಗೆ, ಜ್ವರ, ಭೇದಿ ಕಂಡಾಗ "ಹಲ್ಲು ಬರುತ್ತಿದೆ, ಅದಕ್ಕೇ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಲ್ಲು ಬರುವಾಗ ಜೊಲ್ಲು ಸುರಿಯಬಹುದು, ಕಿರಿಕಿರಿ ಆಗಬಹುದು. ಜೋರು ಜ್ವರಕ್ಕೆ ಬೇರೆಯೇ ಕಾರಣವಿರುತ್ತದೆ. ಅಂಥ ದಿನ ಮಗುವನ್ನು ಮನೆಗೆ, ವೈದ್ಯರ ಬಳಿಗೆ ಕಳಿಸುತ್ತೇವೆ.

ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವುದು ನನ್ನ ರೂಢಿ. ಮಗುವಿನ ತಲೆ ನನ್ನ ತೊಡೆಯ ಮೇಲೆ, ಮುಖ ಬೆಳಕಿಗೆ, ಕೈ ತೊಳೆದುಕೊಂಡು ತೋರುಬೆರಳಿನಿಂದ ಮೇಲ್ತುಟಿಯನ್ನು ಮೆಲ್ಲಗೆ ಸರಿಸುತ್ತೇನೆ. ಒಸಡಿಗೆ ಹತ್ತಿಕೊಂಡು ಸೀಮೆಸುಣ್ಣದಂಥ ಮಂಕು ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಹೆಜ್ಜೆ. ಈ ಹಂತದಲ್ಲಿ ಫ್ಲೋರೈಡ್‌ನಿಂದ ಅದನ್ನು ತಡೆಯಬಹುದು, ಕಂದು ಗುಳಿ ಬಿದ್ದಮೇಲೆ ಅಷ್ಟು ಸುಲಭವಲ್ಲ. ಮನೆಯವರಿಗೆ ಹುಳುಕು ಅಂತ ಹೇಳಲು ನಾನು ದಂತವೈದ್ಯೆಯಲ್ಲ. "ಬಿಳಿ ಗೆರೆ ಕಾಣಿಸಿದೆ, ತೋರಿಸಿ" ಅಂತಷ್ಟೇ ಚೀಟಿ ಬರೆಯುತ್ತೇನೆ. ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನವು ಹತ್ತು-ಹನ್ನೆರಡು ವರ್ಷದವರೆಗೂ ಬಾಳಬೇಕು, ಕೆಳಗೆ ಬರುವ ಹಲ್ಲಿಗೆ ಜಾಗ ಕಾಯ್ದಿಡುವುದೂ ಅವೇ ಅಂದರೆ ಸಾಮಾನ್ಯವಾಗಿ ಕಿವಿಗೊಡುತ್ತಾರೆ.

ಆ ಚೀಟಿಯಲ್ಲಿ ಇತ್ತೀಚೆಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಮಗುವಿಗೆ ಸಿರಪ್ ಕೊಡುವುದಿದ್ದರೆ ಸಕ್ಕರೆ ಇಲ್ಲದ್ದು ಸಿಗುತ್ತದೆಯಾ, ಊಟದ ಹೊತ್ತಿಗೆ ಕೊಡಬಹುದಾ ಅಂತ ವೈದ್ಯರನ್ನು ಕೇಳಿಕೊಂಡು ಬನ್ನಿ. ಮಲಗಿಸುವ ಮುಂಚೆ ಕೊಡಬೇಕಾದ ಸಿಹಿ ಸಿರಪ್ ಆದರೆ ಕೊಟ್ಟ ಮೇಲೆ ನೀರು ಕುಡಿಸಿ, ಹಲ್ಲು ಒರೆಸಿಯೇ ನಾವು ಮಲಗಿಸುವುದು.