ಪುಂಡಿಪಲ್ಯದಿಂದ ತೂಮ್‌ವರೆಗೆ: ಬಳ್ಳೊಳ್ಳಿಯನ್ನು ಯಾವಾಗ ಜಜ್ಜಬೇಕು, ಯಾವಾಗ ಇಡಿಯಾಗಿ ಬಿಡಬೇಕು

ಕಲಬುರಗಿ ಕಡೆಯ ಪುಂಡಿಪಲ್ಯಕ್ಕೆ ನಾನು ಬಳ್ಳೊಳ್ಳಿಯನ್ನು ಎರಡು ಸಲ, ಎರಡು ರೀತಿ ಹಾಕುತ್ತೇನೆ. ಕಾಲು ಕಿಲೊ ಪುಂಡಿ (ಗೋಂಗುರ) ಸೊಪ್ಪಿಗೆ ಇಪ್ಪತ್ತು ಎಸಳು. ಹತ್ತು ಇಡಿಯಾಗಿ ಸೊಪ್ಪಿನ ಜೊತೆ ಬೇಯುತ್ತವೆ, ಉಳಿದ ಹತ್ತು ಜಜ್ಜಿ ಒಗ್ಗರಣೆಗೆ.

ಬಿಡಿಸಿಟ್ಟ ಎಸಳಿಗೆ ಹೆಚ್ಚು ವಾಸನೆ ಇರುವುದಿಲ್ಲ. ಜಜ್ಜಿದಾಗ ಒಳಗಿನ ಅಲಿನ್ ಎಂಬ ಗಂಧಕದ ಸಂಯುಕ್ತ ಮತ್ತು ಅಲಿನೇಸ್ ಎಂಬ ಕಿಣ್ವ ಒಂದಕ್ಕೊಂದು ತಾಗಿ, ಕ್ಷಣಗಳಲ್ಲಿ ಅಲಿಸಿನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ಘಾಟು ಅದರದ್ದೇ. ಇಡಿ ಎಸಳು ಬೆಂದರೆ ಕಿಣ್ವ ಮೊದಲೇ ಸತ್ತುಹೋಗುತ್ತದೆ, ಹಾಗಾಗಿ ಎಸಳು ಸಿಹಿಯಾಗಿ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಫ್ರೆಂಚರು ಒಂದು ಕೋಳಿಗೆ ನಲವತ್ತು ಎಸಳು ಹಾಕಿ ಮುಚ್ಚಿ ಬೇಯಿಸಿದರೂ ತಿನ್ನುವವರಿಗೆ ಖಾರ ಹತ್ತದಿರುವುದು ಇದರಿಂದಲೇ.

ಪಲ್ಯಕ್ಕೆ ಅರ್ಧ ಕಪ್ ತೊಗರಿಬೇಳೆಯನ್ನು ಬೇರೆಯಾಗಿಯೇ ಬೇಯಿಸಿಕೊಳ್ಳಿ. ಪುಂಡಿಯ ಹುಳಿಯಲ್ಲಿ ಬೇಳೆ ಎಷ್ಟು ಹೊತ್ತಾದರೂ ನುಣ್ಣಗಾಗುವುದಿಲ್ಲ. ಸೊಪ್ಪು, ಎಂಟು ಹಸಿಮೆಣಸಿನಕಾಯಿ, ಒಂದು ಹಿಡಿ ಶೇಂಗಾ, ಇಡಿ ಎಸಳು ಕುದಿಸಿ, ಹುಳಿ ಜಾಸ್ತಿ ಎನಿಸಿದರೆ ಸ್ವಲ್ಪ ನೀರು ಬಸಿದು, ಬೇಳೆ ಸೇರಿಸಿ ಮಸೆಯಿರಿ.

ಕೆಡುವುದು ಒಗ್ಗರಣೆಯಲ್ಲಿ. ಸಾಸಿವೆ ಸಿಡಿಯಲು ಎಣ್ಣೆ ಚೆನ್ನಾಗಿ ಕಾಯಬೇಕು, ಆ ಕಾವಿಗೆ ಜಜ್ಜಿದ ಬಳ್ಳೊಳ್ಳಿ ಬಿದ್ದರೆ ಅಂಚು ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಕಪ್ಪಾದ ಚೂರು ನಾಲ್ಕೇ ಇದ್ದರೂ ಇಡೀ ಪಲ್ಯ ಕಹಿ. ನಾಲ್ಕು ಚಮಚ ಕುಸುಬಿ ಎಣ್ಣೆ ಕಾಯಿಸಿ, ಸಾಸಿವೆ ಜೀರಿಗೆ ಸಿಡಿಸಿ, ಒಲೆ ಆರಿಸಿ ಸ್ವಲ್ಪ ತಡೆಯುತ್ತೇನೆ. ಬಳ್ಳೊಳ್ಳಿ ಹಾಕಿದಾಗ ಸಣ್ಣ ಗುಳ್ಳೆ ಏಳಬೇಕು, ಚುರ್ ಎನ್ನಬಾರದು. ಆಮೇಲೆ ಸಣ್ಣ ಉರಿ. ತಿಳಿ ಹೊಂಬಣ್ಣಕ್ಕೇ ಪಲ್ಯಕ್ಕೆ ಸುರಿಯಿರಿ, ಏಕೆಂದರೆ ಉರಿ ಆರಿಸಿದ ಮೇಲೂ ಎಣ್ಣೆಯ ಕಾವಿಗೆ ಬಣ್ಣ ಏರುತ್ತಲೇ ಇರುತ್ತದೆ. ಇಟಲಿಯ ‘ಆಲ್ಯೊ ಎ ಓಲ್ಯೊ’ ಪಾಸ್ತಾಕ್ಕೆ ಸಾಸಿವೆಯ ಕಾಟವಿಲ್ಲ. ತೆಳ್ಳಗೆ ಹೆಚ್ಚಿದ ಬಳ್ಳೊಳ್ಳಿಯನ್ನು ತಣ್ಣನೆಯ ಆಲಿವ್ ಎಣ್ಣೆಗೇ ಹಾಕಿ ನಿಧಾನ ಕಾಯಿಸಬಹುದು.

ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಬಳ್ಳೊಳ್ಳಿ ಹಸಿಯದೇ ಆಗಬೇಕು. ಒಂದು ಕಪ್ ಹುರಿದು ಸಿಪ್ಪೆ ತೆಗೆದ ಶೇಂಗಾಕ್ಕೆ ಎಂಟು ಎಸಳು, ಎರಡು ಚಮಚ ಖಾರದ ಪುಡಿ, ಒಂದು ಚಮಚ ಜೀರಿಗೆ, ಉಪ್ಪು. ಮೊದಲು ಉಪ್ಪು ಬಳ್ಳೊಳ್ಳಿ ಕುಟ್ಟಿ, ಶೇಂಗಾ ಕೊನೆಗೆ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ.

ರೊಟ್ಟಿಗೆ ನಾನು ಮನಸಾರೆ ಶಿಫಾರಸು ಮಾಡುವ ಹೊರಗಿನ ಪದಾರ್ಥ ಲೆಬನಾನಿನ ತೂಮ್, ಹಸಿ ಬಳ್ಳೊಳ್ಳಿ ಮತ್ತು ಎಣ್ಣೆ ರುಬ್ಬಿ ಮಾಡುವ ಬೆಣ್ಣೆಯಂಥ ಬಿಳಿ ಚಟ್ನಿ. ಅರ್ಧ ಕಪ್ ಎಸಳು, ಒಂದು ಚಮಚ ಉಪ್ಪು, ಒಂದೂವರೆ ಕಪ್ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ. ಎಸಳು ಸೀಳಿ ಒಳಗಿನ ಹಸಿರು ಮೊಳಕೆ ತೆಗೆಯಿರಿ, ಅದು ಕಹಿ. ಉಪ್ಪಿನೊಂದಿಗೆ ನುಣ್ಣಗೆ ರುಬ್ಬಿ, ಎಣ್ಣೆಯನ್ನು ಮೊದಲು ಹನಿಹನಿಯಾಗಿ, ನಂತರ ದಾರದಷ್ಟು ತೆಳ್ಳಗೆ ಬಿಡುತ್ತ, ನಡುನಡುವೆ ನಿಂಬೆರಸ ಸೇರಿಸಬೇಕು. ಆಲಿವ್ ಎಣ್ಣೆ ಬೇಡ, ಜೋರಾಗಿ ರುಬ್ಬಿದರೆ ಅದು ಕಹಿಯಾಗುತ್ತದೆ. ರಿಫೈನ್ಡ್ ಕುಸುಬಿ ಎಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು. ಎಣ್ಣೆ ಅವಸರದಲ್ಲಿ ಸುರಿದರೆ ಅಥವಾ ಜಾರ್ ಬಿಸಿಯಾದರೆ ತೂಮ್ ಒಡೆಯುತ್ತದೆ, ಎಣ್ಣೆ ಬೇರೆಯಾಗುತ್ತದೆ. ಆಗ ಖಾಲಿ ಜಾರಿಗೆ ಒಂದು ಮೊಟ್ಟೆಯ ಬಿಳಿ ಹಾಕಿ, ಒಡೆದದ್ದನ್ನೇ ಹನಿಹನಿಯಾಗಿ ಸೇರಿಸಿ ರುಬ್ಬಿ, ಮತ್ತೆ ಕೂಡಿಕೊಳ್ಳುತ್ತದೆ. ಘಾಟು ಕಡಿಮೆ ಬೇಕೆಂದರೆ ರುಬ್ಬುವ ಮೊದಲೇ ನಿಂಬೆರಸ ಹಾಕಿ, ಹುಳಿ ಕಿಣ್ವವನ್ನು ತಡೆಯುತ್ತದೆ.

ಹುಳಿಗೆ ಬಳ್ಳೊಳ್ಳಿ ಹಸಿರು ಇಲ್ಲವೇ ನೀಲಿ ಬಣ್ಣಕ್ಕೆ ತಿರುಗಿದರೆ ಚೆಲ್ಲಬೇಡಿ. ಉತ್ತರ ಚೀನಾದವರು ‘ಲಾಬಾ’ ಬಳ್ಳೊಳ್ಳಿಯನ್ನು ವಿನೆಗರಿನಲ್ಲಿ ನೆನೆಸುವುದೇ ಆ ಹಸಿರು ಬರಲೆಂದು.

ಹಸಿ ಬಳ್ಳೊಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿ ತುಂಬಿ ಹೊರಗಿಡಬೇಡಿ. ಗಾಳಿ ತಾಗದ, ಹುಳಿ ಇಲ್ಲದ ಕಡೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡುತ್ತದೆ, ವಾಸನೆಯಿಂದ ಅದು ತಿಳಿಯುವುದಿಲ್ಲ. ಬೇಕಾದಷ್ಟೇ ಮಾಡಿ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.